ಕಂಬದ ಮೇಲೊಂದು ಆರೋಪ

ಮರ್ವ್ ಟ್ವಿಗ್‌ನ ಬೆಳಗಿನ ಟೋಸ್ಟು ಅರೆಬರೆ ಕೆಂಪಾಗಿ ನಿಂತುಹೋದದ್ದೇ ಎಲ್ಲಕ್ಕೂ ಮೂಲ. ಟೋಸ್ಟರಿನ ತಂತಿಗಳು ಕಪ್ಪಾದವು, ಫ್ರಿಜ್ಜಿನ ಗುಂಯ್ ಸದ್ದು ಅಡಗಿತು, ಅವನ ಚಕ್ರದ ಮನೆಯಾದ ಕ್ಯಾರವಾನಿನ ಹೊರಗೆ ಇಬ್ಬನಿಗೆ ತೊಯ್ದ ಹುಲ್ಲಿನಾಚೆ ನಿಂತಿದ್ದ ಮೋಟು ಕರೆಂಟ್ ಕಂಬದೊಳಗಿಂದ ‘ಟಕ್’ ಎಂಬ ಸದ್ದು ಬಂತು. ಸದ್ದು ಚಿಕ್ಕದೇ. ಆದರೆ ಮರ್ವ್‌ನ ಎದೆಯೊಳಗೆ ಅದು ತೆಂಗಿನಕಾಯಿ ಬಿದ್ದಷ್ಟು ಜೋರಾಗಿ ಕೇಳಿಸಿತು.

“ಮತ್ತೆ ಬಿತ್ತಾ?” ಎಂದಳು ಹೆಂಡತಿ ಗ್ಲೆನಿಸ್, ಹಾಸಿಗೆಯಿಂದಲೇ.

“ಮೆಲ್ಲಗೆ ಮಾತಾಡೇ. ಡೊರೀನ್‌ಗೆ ಕೇಳಿಸೀತು.”

ಕಂಬದಲ್ಲಿರುವುದು ಸೇಫ್ಟಿ ಸ್ವಿಚ್ಚು. ಒಂದು ಚೂರು ಕರೆಂಟು ದಾರಿ ತಪ್ಪಿ ನೆಲಕ್ಕಿಳಿದರೂ ಸಾಕು, ಮನುಷ್ಯರ ಜೀವ ಉಳಿಯಲೆಂದು ಅದು ತಾನಾಗಿ ಬಿದ್ದು ಕರೆಂಟು ಕಡಿದುಬಿಡುತ್ತದೆ. ಜೀವ ಉಳಿಸುವುದೇನೋ ನಿಜ, ಮಾನ ಉಳಿಸುವುದಿಲ್ಲ. ಯಾಕೆಂದರೆ ಅದೇ ಸ್ವಿಚ್ಚಿನಿಂದಲೇ ದೋಣಿಕಟ್ಟೆಯ ಹತ್ತಿರವಿದ್ದ ದೊಡ್ಡ ಫ್ರೀಜರಿಗೂ ಕರೆಂಟು ಹೋಗುತ್ತಿತ್ತು. ಅದರ ತುಂಬ ಗಾಳಕ್ಕೆ ಸಿಕ್ಕಿಸುವ ಸಿಗಡಿ. ಸಿಗಡಿಯ ಒಡತಿ, ಫ್ರೀಜರಿನ ಒಡತಿ, ವಾಟಲ್ ಬೆಂಡ್ ಕ್ಯಾರವಾನ್ ಪಾರ್ಕಿನ ಸರ್ವಾಧಿಕಾರಿ, ಎಲ್ಲ ಡೊರೀನೇ.

ಮರ್ವ್‌ಗೆ ಸಿಗಡಿಯ ಚಿಂತೆ ಇರಲಿಲ್ಲ. ಅವನ ಚಿಂತೆಯೆಲ್ಲ ಜಾಗದ್ದು. ವಾಗಾ ವಾಗಾ ಊರಿನಲ್ಲಿ ಬೇಕರಿ ನಡೆಸುತ್ತಿದ್ದ ಕಾಲದಿಂದಲೂ ಗಂಡ ಹೆಂಡತಿ ಪ್ರತಿ ಬೇಸಿಗೆ ರಜೆಗೆ ಇಲ್ಲಿಗೇ ಬರುತ್ತಿದ್ದರು. ಬಂದು ಹಿಂದಿನ ಸಾಲಿನಲ್ಲಿ, ಬಟ್ಟೆ ಒಗೆಯುವ ಕೋಣೆಯ ಬೆನ್ನಿಗೆ ಗಾಡಿ ನಿಲ್ಲಿಸಿ, ಬೇರೆಯವರ ಕ್ಯಾರವಾನುಗಳ ಸಂದಿಯಲ್ಲಿ ಬೆರಳಗಲ ಹೊಳೆ ನೋಡಿ ಹೋಗುತ್ತಿದ್ದರು. ಹೊಳೆದಂಡೆಯ ಸಾಲಿನಲ್ಲಿ ಜಾಗ ಸಿಗಬೇಕಾದರೆ ಅಲ್ಲಿದ್ದವರು ಸಾಯಬೇಕು, ಇಲ್ಲವೆ ಮಕ್ಕಳ ಮಾತು ಕೇಳಿ ಕ್ಯಾರವಾನ್ ಮಾರಬೇಕು. ಒಮ್ಮೆ ಸಿಕ್ಕಿತೋ, ಪ್ರತಿ ವರ್ಷವೂ ಅದು ಅವರದೇ. ಕಳೆದ ಚಳಿಗಾಲದಲ್ಲಿ ಆರ್ಥರ್ ಮುದುಕ ಮಕ್ಕಳ ಮಾತು ಕೇಳಿದ. ಡೊರೀನ್ ಫೋನ್ ಮಾಡಿ “ಜಾಗ ನಿಮ್ಮದು” ಎಂದಾಗ ಗ್ಲೆನಿಸ್ ಅತ್ತೇಬಿಟ್ಟಿದ್ದಳು. ಈಗ ದಿನವೂ ಬೆಳಗ್ಗೆ ಚಹಾದ ಬಟ್ಟಲು ಹಿಡಿದು ಹೊಳೆಗೆ ಎದುರಾಗಿ ಕೂರುತ್ತಾಳೆ. ಅವಳು ಹಾಗೆ ಕೂತದ್ದನ್ನು ನೋಡುವುದೇ ಮರ್ವ್‌ಗೆ ರಜೆ. ಹೊಳೆಯನ್ನು ಅವನು ಅಷ್ಟಾಗಿ ನೋಡುತ್ತಿರಲಿಲ್ಲ.

ಡೊರೀನಳ ಪುಟ್ಟ ಬ್ಯಾಟರಿ ಗಾಡಿ ಹುಲ್ಲಿನ ಮೇಲೆ ಬಂದು ನಿಂತಿತು.

“ಗುಡ್ ಮಾರ್ನಿಂಗ್ ಚಿನ್ನಾ.”

ಮರ್ವ್ ಒಂದು ಹೆಜ್ಜೆ ಹಿಂದೆ ಸರಿದ. ಡೊರೀನ್ ಸಮಾಧಾನದಲ್ಲಿದ್ದರೆ ಜನರನ್ನು ‘ಏಯ್’ ಎಂದು ಕರೆಯುತ್ತಾಳೆ. ಚಿನ್ನ ಎನ್ನುವುದು ಕೋಪ ಬಂದಾಗ ಮಾತ್ರ.

“ನಿನ್ನೆಯಿಂದ ಇದು ಮೂರನೇ ಸಲ. ನನ್ನ ಸಿಗಡಿ ಕರಗ್ತಾ ಇದೆ. ಅಲ್ಲಿ ನೋಡು.”

ಫ್ರೀಜರಿನ ಮುಂದೆ ಹೆಜ್ಜಾರ್ಲೆ ಹಕ್ಕಿಗಳು ಚೀಲದ ಕೊಕ್ಕು ಇಳಿಬಿಟ್ಟುಕೊಂಡು ಸಾಲಾಗಿ ನಿಂತಿದ್ದವು, ನ್ಯಾಯಬೆಲೆ ಅಂಗಡಿ ಬಾಗಿಲು ತೆಗೆಯುವುದನ್ನು ಕಾಯುವವರ ಹಾಗೆ.

“ಕಂಬದಲ್ಲೇ ಏನಾದ್ರೂ ದೋಷ ಇರಬಹುದು ತಾಯಿ…”

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ! ಆರ್ಥರ್ ಇಷ್ಟು ವರ್ಷ ಇದೇ ಕಂಬಕ್ಕೆ ಸಿಕ್ಕಿಸ್ಕೊಂಡಿದ್ದ. ಒಂದು ದಿನ ಟಕ್ ಅಂದಿಲ್ಲ. ರೋಗ ಇರೋದು ನಿನ್ನ ಗಾಡೀಲಿ. ಸಂಜೆ ಐದಕ್ಕೆ ಬರ್ತೀನಿ. ಅಷ್ಟರೊಳಗೆ ವಾಸಿ ಮಾಡ್ಕೊ. ಇಲ್ಲಾಂದ್ರೆ ಗಾಡಿ ಎತ್ತಿ ಡಂಪ್ ಪಾಯಿಂಟ್ ಪಕ್ಕಕ್ಕೆ ಹಾಕ್ಕೊ, ಚಿನ್ನಾ.”

ಡಂಪ್ ಪಾಯಿಂಟ್ ಎಂದರೆ ಪಾರ್ಕಿನ ಅಷ್ಟೂ ಕ್ಯಾರವಾನುಗಳ ಕಕ್ಕಸಿನ ಡಬ್ಬಿಗಳನ್ನು ತಂದು ಬಗ್ಗಿಸಿ ತೊಳೆಯುವ ತೊಟ್ಟಿ. ಡಬ್ಬಿ ಹಿಡಿದು ಬಂದವರು ಪಕ್ಕದ ಗಾಡಿಯವರನ್ನು ಮಾತಾಡಿಸದೆ ಹೋಗುವುದಿಲ್ಲ. ಅದು ಅಲ್ಲಿನ ಮರ್ಯಾದೆ.

ಮರ್ವ್ ಊರಿನ ಒಬ್ಬನೇ ಒಬ್ಬ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದ. “ಹೊಸ ವರ್ಷದ ಶುಭಾಶಯ. ಮೀನು ಹಿಡಿಯೋಕೆ ಹೋಗಿದ್ದೀನಿ. ಸೋಮವಾರ ಸಿಗ್ತೀನಿ” ಎಂದು ಯಂತ್ರ ಹೇಳಿತು. ಅಂದು ಬುಧವಾರ.

ಕ್ಯಾರವಾನ್ ಪಾರ್ಕಿನಲ್ಲಿ ಒಬ್ಬ ಗಂಡಸು ತನ್ನ ಗಾಡಿಯ ಪಕ್ಕ ಮೊಣಕಾಲೂರಿ ಕೂತರೆ ಸಾಕು, ಉಳಿದ ಗಂಡಸರು ಮಡಚುವ ಕುರ್ಚಿ ಹಿಡಿದು ಹೊರಡುತ್ತಾರೆ. ಮೊದಲು ಬಂದವನು ಪಕ್ಕದ ಗಾಡಿಯ ಕೀತ್. ಅವನು ಡಬ್ಬೋ ಊರಿನಲ್ಲಿ ಜೀವಮಾನವಿಡೀ ವಾಷಿಂಗ್ ಮಷೀನ್ ರಿಪೇರಿ ಮಾಡಿ ನಿವೃತ್ತನಾದವನು. ಅವನ ಹಿಂದೆಯೇ ಎದುರು ಸಾಲಿನ ಸಾಂಟೊ ಬಂದ. ಅವನ ಅಪ್ಪ ಇಟಲಿಯಿಂದ ಕಬ್ಬು ಕಡಿಯಲು ಬಂದವನು, ಮಗನೂ ಕಬ್ಬಿನ ಗದ್ದೆಯಲ್ಲೇ ತಲೆ ನರೆಸಿಕೊಂಡಿದ್ದ.

“ಗೀಸರ್ ಕಾಯಿಲ್,” ಎಂದ ಕೀತ್, ಕೂರುವ ಮೊದಲೇ. “ಕಣ್ಣು ಮುಚ್ಕೊಂಡು ಹೇಳ್ತೀನಿ.”

“ಬಿಟ್ಟುಕೊಂಡು ಹೇಳು, ಸರಿಹೋದೀತು,” ಎಂದ ಸಾಂಟೊ. “ಇದು ಇರುವೆ ಕೆಲಸ ಕಣಯ್ಯ. ನಮ್ಮೂರಲ್ಲಿ ಒಂದು ಸಲ ಇರುವೆಗಳು ಸ್ವಿಚ್ಚೊಳಗೆ ಹೊಕ್ಕು ಮದುವೆ ಮಧ್ಯೆ ಇಡೀ ಚರ್ಚಿನ ದೀಪ ಆರಿಸಿದ್ವು. ಕತ್ತಲಲ್ಲಿ ಯಾರು ಯಾರಿಗೆ ‘ಒಪ್ಪಿದೆ’ ಅಂದ್ರೋ ಇವತ್ತಿಗೂ ಗೊತ್ತಿಲ್ಲ.”

ಕೀತ್ ತನ್ನ ಶಾಸ್ತ್ರ ಹೇಳಿದ. ಗಾಡಿಯೊಳಗಿನ ಕರೆಂಟಿನ ಸಾಮಾನೆಲ್ಲ ಕೀಳಬೇಕು, ಆಮೇಲೆ ಒಂದೊಂದಾಗಿ ಸಿಕ್ಕಿಸುತ್ತ ಬರಬೇಕು. ಯಾವುದನ್ನು ಸಿಕ್ಕಿಸಿದಾಗ ಸ್ವಿಚ್ಚು ಬೀಳುತ್ತದೋ ಅದೇ ಕಳ್ಳ. ಶಾಸ್ತ್ರ ಸರಿಯಾದದ್ದೇ. ಆದರೆ ಅದರಿಂದಾಗಿ ಟ್ವಿಗ್ ದಂಪತಿಗಳ ಸಂಸಾರವೆಲ್ಲ ಹುಲ್ಲಿನ ಮೇಲೆ ಬಂತು: ಕೆಟಲ್, ಟೋಸ್ಟರು, ಗ್ಲೆನಿಸ್‌ಳ ಕೂದಲು ಗುಂಗುರು ಮಾಡುವ ಕೋಲು, ಮರ್ವ್‌ನ ಪಾದ ಒತ್ತುವ ಯಂತ್ರ. ಕಟ್ಟಕಡೆಗೆ, ಟವಲಿನಲ್ಲಿ ಸುತ್ತಿ ಮಂಚದಡಿ ಮುಚ್ಚಿಟ್ಟಿದ್ದ ಇನ್ನೊಂದು ಯಂತ್ರ.

ಕೀತ್‌ನ ಹೆಂಡತಿ ಶರ್ಲಿ ಟವಲು ಎತ್ತಿ ನೋಡಿದಳು. “ಅಯ್ಯಯ್ಯೋ, ಬ್ರೆಡ್ ಮಷೀನ್! ಅಲ್ಲ ಮರ್ವ್, ‘ಕೈಯಲ್ಲಿ ನಾದಿದ್ದೇ ಬ್ರೆಡ್ಡು’ ಅಂತ ನಮಗೆ ವರ್ಷ ವರ್ಷ ಭಾಷಣ ಬಿಗಿಯೋದು ನೀನೇ ತಾನೆ?”

“ಅದು ಗ್ಲೆನಿಸ್‌ದು,” ಎಂದ ಮರ್ವ್.

“ನಂದಂತೆ!” ಎಂದಳು ಗ್ಲೆನಿಸ್ ಒಳಗಿನಿಂದ.

ಅಷ್ಟರಲ್ಲಿ ಬಿಸಿಲೇರಿ ಹುಲ್ಲು ಒಣಗಿತ್ತು. ಸ್ವಿಚ್ಚು ಎತ್ತಿದರು, ಬೀಳದೆ ನಿಂತಿತು. ಕೆಟಲ್ ಸಿಕ್ಕಿಸಿದರು, ನಿಂತಿತು. ಟೋಸ್ಟರು, ಫ್ರಿಜ್ಜು, ಗೀಸರು, ಯಾವುದಕ್ಕೂ ಸ್ವಿಚ್ಚು ಮಿಸುಕಲಿಲ್ಲ. ಕೀತ್‌ನ ಮುಖ ಸಪ್ಪಗಾಯಿತು. ರೋಗಿ ವೈದ್ಯರ ಮುಂದೆ ಆರೋಗ್ಯವಂತನಾದರೆ ವೈದ್ಯರಿಗೆ ಅವಮಾನವಾಗುವುದು ಸಹಜ.

“ಇರುವೆ ಅಂದೆನಲ್ಲ!” ಸಾಂಟೊ ಎದ್ದ. ಕಂಬದಿಂದ ಗಾಡಿಯವರೆಗೆ ಹುಲ್ಲಿನಲ್ಲಿ ಇರುವೆ ಸಾಲು ನಿಜವಾಗಿಯೂ ಹರಿದಿತ್ತು. ಅವನು ಒಂದು ಬಕೆಟ್ ನೀರು ತಂದು ಆ ಸಾಲಿನುದ್ದಕ್ಕೂ ಸುರಿದ. ಅದೇ ಹೊತ್ತಿಗೆ ಗ್ಲೆನಿಸ್ ಎಲ್ಲರಿಗೂ ಚಹಾ ಮಾಡಲು ಕೆಟಲ್ ಒತ್ತಿದಳು.

ಟಕ್.

“ಕೆಟಲ್!” ಎಂದರು ಎಲ್ಲರೂ ಒಕ್ಕೊರಲಿನಿಂದ. ಇಪ್ಪತ್ತು ವರ್ಷ ನಿಯತ್ತಾಗಿ ನೀರು ಕಾಯಿಸಿದ ಕೆಟಲು ವಿಚಾರಣೆಯಿಲ್ಲದೆ ಕಸದ ತೊಟ್ಟಿ ಸೇರಿತು.

ಮಧ್ಯಾಹ್ನ ಎತ್ತಿದರೆ ಸ್ವಿಚ್ಚು ಮತ್ತೆ ಬೀಳದೆ ನಿಂತಿತು. ಕೀತ್‌ಗೆ ಮಾತ್ರ ಸಮಾಧಾನವಿಲ್ಲ. “ಗೀಸರ್ ಒಂದು ಸಲ ಬಿಚ್ಚಿ ನೋಡಿಬಿಡೋಣ” ಎಂದು ಹೊರಗೋಡೆಯ ಮುಚ್ಚಳ ತೆಗೆದು ಯಾವುದೋ ತಿರುಪು ತಿರುಗಿಸಿದ. ಒಳಗಿದ್ದ ನೀರೆಲ್ಲ ಬುಸ್ಸೆಂದು ಹಾರಿ ಅವನ ಎದೆಗೆ ಬಡಿದು, ಹೊಟ್ಟೆಯ ಮೇಲಿಳಿದು, ಹುಲ್ಲಿಗೆ ಹರಿಯಿತು.

ಟಕ್.

“ನೋಡಿದ್ರಾ!” ನೀರು ಸೋರುತ್ತಿದ್ದ ಕೀತ್ ಕುಣಿದ. “ಕಾಯಿಲ್ ಅಂತ ಬೆಳಗ್ಗೇನೇ ಬಡ್ಕೊಂಡೆ!” ಕಾಯಿಲ್ಲನ್ನು ಕಿತ್ತು ಕುತ್ತಿಗೆ ಹಿಡಿದ ಹಾವಿನಂತೆ ಎತ್ತಿ ತೋರಿಸಿದ. ಟ್ವಿಗ್ ಸಂಸಾರಕ್ಕೆ ಬಿಸಿನೀರು ಹೋಯಿತು. ಮರ್ವ್‌ಗೆ ಅದರಿಂದಲೂ ಸಂತೋಷವೇ ಆಯಿತು. ಜಾಗವೊಂದು ಉಳಿದರೆ ತಣ್ಣೀರಲ್ಲಿ ಸ್ನಾನ ಮಾಡಿಯಾನು.

ಮೂರು ಗಂಟೆಗೆ ಶರ್ಲಿ ತನ್ನ ಐಸ್ ಪೆಟ್ಟಿಗೆಯ ಕರಗಿದ ನೀರನ್ನು ಎಂದಿನಂತೆ ಹುಲ್ಲಿಗೆ ಚೆಲ್ಲಿದಳು. ಅದೇ ಗಳಿಗೆಯಲ್ಲಿ ಮರ್ವ್ ದಣಿದ ಪಾದಗಳನ್ನು ಒತ್ತುವ ಯಂತ್ರದೊಳಗೆ ಇಟ್ಟಿದ್ದ.

ಟಕ್. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ!

“ನಿನ್ನ ಕಾಲಲ್ಲೇ ಏನೋ ಇದೆ ಮರ್ವ್,” ಎಂದಳು ಶರ್ಲಿ.

“ಫ್ರೀಜರ್ ನೋಡಿದ್ರಾ ಯಾರಾದ್ರೂ?” ಎಂದ ಸಾಂಟೊ. ಯಾರೂ ನೋಡಿರಲಿಲ್ಲ. ಡೊರೀನಳ ಫ್ರೀಜರಿನ ಪ್ಲಗ್ ಕಿತ್ತು ಸ್ವಿಚ್ಚು ಎತ್ತಿದರು. ಆದರೂ ಬಿತ್ತು. ಫ್ರೀಜರ್ ನಿರಪರಾಧಿ ಎಂದಾಯಿತು. ಆದರೆ ಇರುವೆ ಹುಡುಕಲು ಸಾಂಟೊ ಅದರ ಮುಚ್ಚಳ ತೆಗೆದವನು ಹಾಗೆಯೇ ಬಿಟ್ಟುಬಂದಿದ್ದ. ಬೆಳಗಿನಿಂದ ಕಾದಿದ್ದ ಹೆಜ್ಜಾರ್ಲೆಗಳ ತಪಸ್ಸು ಫಲಿಸಿತು. ಮರ್ವ್ ಕೈಬೀಸುತ್ತ ಓಡಿ ಹೋಗುವಷ್ಟರಲ್ಲಿ ಮೂರು ಪೊಟ್ಟಣ ಸಿಗಡಿ ಪ್ಲಾಸ್ಟಿಕ್ ಸಮೇತ ಹೊಳೆಯ ಮೇಲೆ ಹಾರುತ್ತಿದ್ದವು.

ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎನ್ನುತ್ತಾರೆ. ಇಲ್ಲಿ ಹಾವು ಎಲ್ಲಿದೆ ಎಂದೇ ಗೊತ್ತಾಗದೆ ಐದು ಗಂಟೆ ಹತ್ತಿರ ಬಂತು. ಗ್ಲೆನಿಸ್ ಕುರ್ಚಿಯನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡು, ಕೊನೆಯ ಸಲ ಎಂಬಂತೆ ನೋಡುತ್ತ ಕೂತಳು. ಅದನ್ನು ಕಂಡ ಸಂಕಟದಲ್ಲಿ ಮರ್ವ್‌ಗೆ ತನ್ನ ಬೇಕರಿ ನೆನಪಾಯಿತು. ಅದರ ಜೊತೆಗೆ ಆ ದಿನದ ಏಕೈಕ ಸ್ವಂತ ಯೋಚನೆಯೂ ಬಂತು.

“ಕೀತ್! ಬ್ರೆಡ್ಡು ಉಬ್ಬದೇ ಇದ್ರೆ ನಾನೇನು ಮಾಡ್ತಿದ್ದೆ ಗೊತ್ತಾ? ನನ್ನ ಹಿಟ್ಟು ಪಕ್ಕದವನ ಒಲೇಲಿ, ಪಕ್ಕದವನ ಹಿಟ್ಟು ನನ್ನ ಒಲೇಲಿ. ತಪ್ಪು ಹಿಟ್ಟಿಂದೋ ಒಲೇದೋ ಅಂತ ಆಗಿಂದಾಗ್ಲೇ ಗೊತ್ತಾಗ್ತಿತ್ತು. ನನ್ನ ಗಾಡಿಗೆ ನಿನ್ನ ಕಂಬದ ಕರೆಂಟ್ ಕೊಡು. ನಿನ್ನ ಗಾಡಿಗೆ ನನ್ನ ಕಂಬದ್ದು ತಗೊ.”

ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ಕೀತ್‌ಗೆ ಸ್ವಲ್ಪ ಕೋಪವೇ ಬಂತು.

ಡೊರೀನಳ ಗಾಡಿ ಬಂದು ನಿಂತಿತು. “ಏನು ಚಿನ್ನಾ, ಸಾಮಾನು ಕಟ್ಟಿದ್ದೀಯಾ?”

“ಐದೇ ನಿಮಿಷ ತಾಯಿ. ನಿಮ್ಮ ಕಣ್ಣೆದುರಿಗೇ ಪರೀಕ್ಷೆ.”

ಕೆಲಸ ಸುಲಭ. ಎರಡು ಕಂಬಗಳಿಂದ ಎರಡು ಗಾಡಿಗಳಿಗೆ ಎರಡು ಉದ್ದನೆಯ ವೈರು ಹುಲ್ಲಿನ ಮೇಲೆ ಹರಿದಿದ್ದವು. ಕಂಬದ ಕಡೆಯ ತುದಿ ಮುಟ್ಟಬೇಕಾಗಿಯೇ ಇರಲಿಲ್ಲ. ಗಾಡಿಯ ಕಡೆಯ ತುದಿಗಳನ್ನು ಕಿತ್ತು, ಇದನ್ನು ಅದಕ್ಕೆ, ಅದನ್ನು ಇದಕ್ಕೆ ಸಿಕ್ಕಿಸಿದರು.

ಮರ್ವ್ ಮೊದಲು ತನ್ನ ಗಾಡಿ ಪರೀಕ್ಷಿಸಿದ. ಕೀತ್‌ನ ಕಂಬದ ಸ್ವಿಚ್ಚು ಎತ್ತಿದರು. ಫ್ರಿಜ್ಜು ಗುಂಯ್ ಎಂದಿತು. ಟೋಸ್ಟರು, ಏಸಿ, ಗುಂಗುರು ಕೋಲು, ಪಾದದ ಯಂತ್ರ, ಮಾನ ಹೋದರೆ ಹೋಗಲಿ ಎಂದು ಬ್ರೆಡ್ ಮಷೀನು, ಎಲ್ಲವನ್ನೂ ಒಟ್ಟಿಗೆ ಒತ್ತಿದ. ಗಾಡಿ ಜಾತ್ರೆಯ ಹಾಗೆ ಸದ್ದು ಮಾಡಿತು. ಸ್ವಿಚ್ಚು ಬಂಡೆಯ ಹಾಗೆ ನಿಂತಿತು.

ಆಮೇಲೆ ಮರ್ವ್‌ನ ಕಂಬದ ಸರದಿ. ಅದಕ್ಕೆ ಅಂಟಿದ್ದು ಕೀತ್‌ನ ಹೊಚ್ಚ ಹೊಸ ಕ್ಯಾರವಾನು. ಐಸ್ ನೀರಿನಿಂದ ಚಿತಪಿತ ಎನ್ನುತ್ತಿದ್ದ ಹುಲ್ಲು ತುಳಿದು ಹೋಗಿ ಮರ್ವ್ ಸ್ವಿಚ್ಚು ಎತ್ತಿದ.

ಟಕ್.

“ನನ್ನ ಗಾಡೀಲಿ ಏನೂ ಇಲ್ಲ!” ಕೀತ್ ಕೂಗಿದ. “ಹೋದ ತಿಂಗಳು ತಾನೇ ಬಂದಿರೋ ಗಾಡಿ!”

“ನಿಂದ್ರಲ್ಲೂ ಇಲ್ಲ, ನಂದ್ರಲ್ಲೂ ಇಲ್ಲ,” ಮರ್ವ್ ಡೊರೀನಳ ಕಡೆ ತಿರುಗಿ ಎದೆಯುಬ್ಬಿಸಿದ. “ಅಂದ್ಮೇಲೆ ಇನ್ನೆಲ್ಲಿದೆ ತಾಯಿ? ನೆಲಾನೇ ಡೊಂಕು!”

ಚಪ್ಪಾಳೆ ಬಿತ್ತು. ಸಾಂಟೊ ಶಿಳ್ಳೆ ಹಾಕಿದ. ಗ್ಲೆನಿಸ್ ಎದ್ದು ಬಂದು ಎಲ್ಲರೆದುರಿಗೇ ಗಂಡನ ಕೆನ್ನೆಗೆ ಮುತ್ತಿಟ್ಟಳು. ಅಷ್ಟಕ್ಕೆ ಸುಮ್ಮನಾಗಿದ್ದರೆ ಮರ್ವ್ ಮರ್ವ್ ಆಗುತ್ತಿರಲಿಲ್ಲ. ಗೆದ್ದವನ ನಾಲಿಗೆಗೆ ಎಲುಬಿರುವುದಿಲ್ಲ.

“ಕಂಬ ಒಂದೇ ಅಲ್ಲ, ನೆಲದೊಳಗಿನ ತಂತೀನೇ ಕೊಳೆತಿರಬೇಕು. ಬಹಳ ಅಪಾಯ. ಸಣ್ಣಮಕ್ಕಳು ಓಡಾಡೋ ಜಾಗ. ನನ್ನ ಕೇಳಿದ್ರೆ ಇವತ್ತೇ ಅಗೆಸಬೇಕು.”

ಡೊರೀನ್ ಕಂಬಕ್ಕೆ ಎರಡು ಸಲ ಬೆರಳು ಬಡಿದು ನೋಡಿದಳು.

“ಏಯ್ ಮರ್ವ್,” ಎಂದಳು. ಚಿನ್ನ ಹೋಗಿ ಏಯ್ ಬಂದಿತ್ತು. “ನಿನ್ನ ಮೇಲೆ ಸುಮ್ಮನೆ ಆರೋಪ ಹೊರಿಸಿದೆ. ತಪ್ಪಾಯ್ತು. ನೀನು ಹೇಳೋದು ನೂರಕ್ಕೆ ನೂರು ನಿಜ, ಮಕ್ಕಳು ಓಡಾಡೋ ಜಾಗ. ನನ್ನ ತಮ್ಮನ ಹತ್ರ ಮಣ್ಣು ತೋಡೋ ಯಂತ್ರ ಇದೆ. ಈಗಲೇ ಕರೆಸಿ, ಕಂಬದಿಂದ ಆಫೀಸಿನವರೆಗೂ ಅಗೆಸಿಬಿಡ್ತೀನಿ. ಈ ಜಾಗ ಈಸ್ಟರ್‌ವರೆಗೆ ಬಂದ್.”

“ಬಂದ್?” ಎಂದ ಮರ್ವ್. “ಹಾಗಾದ್ರೆ ನಾವು?”

“ಜನವರಿ ತಿಂಗಳು, ಬೇಸಿಗೆ ರಜೆ ಅಲ್ವಾ, ಪಾರ್ಕ್ ತುಂಬಿ ತುಳುಕ್ತಿದೆ. ಒಂದೇ ಒಂದು ಜಾಗ ಖಾಲಿ ಇದೆ.” ಡೊರೀನ್ ಅವನ ಬೆನ್ನು ತಟ್ಟಿದಳು. “ಎಲ್ಲಿ ಅಂತ ನಿಂಗೆ ಗೊತ್ತಲ್ಲ.”

ತನ್ನದೇ ವಾದಕ್ಕೆ ಸಿಕ್ಕಿಬಿದ್ದ ಮರ್ವ್ ಹುಲ್ಲಿನ ಮೇಲಿನ ತನ್ನ ವೈರು ಸುತ್ತತೊಡಗಿದ.

ಸೋತಿದ್ದರೂ ಅಲ್ಲಿಗೇ ಹೋಗಬೇಕಿತ್ತು, ಗೆದ್ದೂ ಅಲ್ಲಿಗೇ ಹೊರಟ. ಎಲ್ಲರೂ ಸೇರಿ ಸಾಮಾನು ತುಂಬಿಸಿದರು, ಗಾಡಿ ತಳ್ಳಿಕೊಟ್ಟರು. “ಎಂಥಾ ತಲೆ ಮಾರಾಯ ನಿಂದು” ಎಂದು ಹೊಗಳಿದರು. ಮೈಯೆಲ್ಲ ಗೀಸರಿನ ಕೊಳೆನೀರಾಗಿದ್ದ ಕೀತ್ ಹೆಗಲಿಗೆ ಟವಲು ಹಾಕಿಕೊಂಡು ಪಾರ್ಕಿನ ಸ್ನಾನದ ಕೋಣೆಗೆ ಹೋದ. ಡಂಪ್ ಪಾಯಿಂಟಿನ ಒಂದು ಪಕ್ಕಕ್ಕೆ ಸ್ನಾನದ ಕೋಣೆಗಳು, ಇನ್ನೊಂದು ಪಕ್ಕಕ್ಕೆ ಮರ್ವ್‌ನ ಹೊಸ ಜಾಗ. ಡಬ್ಬಿ ತೊಳೆಯುವ ನಲ್ಲಿ ಸದಾ ಸೋರುತ್ತಿದ್ದುದರಿಂದ ಅಲ್ಲಿನ ಹುಲ್ಲು ಮಾತ್ರ ಇಡೀ ಪಾರ್ಕಿನಲ್ಲೇ ಹಸಿರಾಗಿತ್ತು.

“ಪರವಾಗಿಲ್ಲ ಬಿಡು,” ಎಂದಳು ಗ್ಲೆನಿಸ್, ಮೂಗಿಗೆ ಕರವಸ್ತ್ರ ಹಿಡಿದು. “ಈಸ್ಟರ್ ಕಳೆದರೆ ನಮ್ಮ ಜಾಗ ನಮಗೇ ಅಲ್ವಾ? ಕರೆಂಟ್ ಹಾಕು, ಶರ್ಲಿ ಕೊಟ್ಟ ಕೆಟಲಲ್ಲಿ ಒಂದು ಲೋಟ ಚಹಾನಾದ್ರೂ ಕುಡಿಯೋಣ.”

ಮರ್ವ್ ತನ್ನ ವೈರನ್ನು ಹಸಿ ಹುಲ್ಲಿನ ಮೇಲೆ ಎಳೆದು, ಒಂದು ತುದಿ ಗಾಡಿಗೆ, ಒಂದು ತುದಿ ಹೊಸ ಕಂಬಕ್ಕೆ ಸಿಕ್ಕಿಸಿ ಸ್ವಿಚ್ಚು ಎತ್ತಿದ.

ಟಕ್.

ಸ್ನಾನದ ಕೋಣೆಗಳ ದೀಪವೆಲ್ಲ ಒಟ್ಟಿಗೆ ಆರಿತು. ಒಳಗೆ ಬಿಸಿನೀರಿನ ಯಂತ್ರ ನಿಂತಿತು. “ಅಯ್ಯಯ್ಯಪ್ಪಾ! ಯಾವನೋ ಅವನು!” ಎಂದು ಕಣ್ಣಿಗೆ ಸೋಪು ಹೋದ ಕೀತ್‌ನ ದನಿ ಕತ್ತಲೊಳಗಿಂದ ಬಂತು.

ಮರ್ವ್ ನಿಧಾನವಾಗಿ ಬಗ್ಗಿ ವೈರನ್ನು ಕೈಗೆತ್ತಿಕೊಂಡ. ಬೆರಳಾಡಿಸುತ್ತ ಬಂದ. ಮಧ್ಯದಲ್ಲೊಂದು ಕಡೆ, ಗಾಡಿಯ ಮುಂದೆ ಹಾಸುವ ಚಾಪೆ ಹಾರದಂತೆ ಹೊಡೆಯುವ ಕಬ್ಬಿಣದ ಗೂಟದ ಮೊನೆಯಷ್ಟೇ ದಪ್ಪದ ಒಂದು ತೂತು. ಬಂದ ದಿನ ಗೂಟ ಹೊಡೆದವನು ಯಾರು ಎಂದು ಯೋಚಿಸಬೇಕಾಗಿರಲಿಲ್ಲ. ಒಣಗಿದ್ದಾಗ ಅದು ಸುಮ್ಮನಿರುತ್ತಿತ್ತು, ಒದ್ದೆ ತಾಗಿದೊಡನೆ ಕರೆಂಟು ನೆಲಕ್ಕಿಳಿಯುತ್ತಿತ್ತು. ಹಿಟ್ಟು ಬದಲಿಸಿದರು, ಒಲೆ ಬದಲಿಸಿದರು. ಹಿಟ್ಟು ಹೊತ್ತ ತಟ್ಟೆಯನ್ನು, ಕಂಬಕ್ಕೆ ಅಂಟಿಕೊಂಡೇ ಇದ್ದ ಈ ವೈರನ್ನು, ಒಬ್ಬನೂ ನೋಡಿರಲಿಲ್ಲ.

ಹೊಳೆದಂಡೆಯ ಕಡೆಯಿಂದ ಮಣ್ಣು ತೋಡುವ ಯಂತ್ರದ ಗರ್ಜನೆ ಕೇಳಿಸಿತು. ಡೊರೀನಳ ತಮ್ಮ ಆಗಲೇ ಆಫೀಸಿನವರೆಗಿನ ಅರ್ಧ ದಾರಿ ಅಗೆದಿದ್ದ.

ಕುರ್ಚಿಗಳು ಬರತೊಡಗಿದವು. “ಈ ಕಂಬಾನೂ ಕೆಟ್ಟಿದೆ!” ಸಾಂಟೊ ದೂರದಿಂದಲೇ ಕೂಗಿದ. “ಆಗ ಮಾಡಿದ ಹಾಗೇ ಅದಲು ಬದಲು ಮಾಡಿ ನೋಡಿಬಿಡೋಣ!” ಅವನ ಹಿಂದೆಯೇ ಡೊರೀನಳ ಗಾಡಿ.

“ಇಲ್ಲೂ ಬಿತ್ತಾ ಮರ್ವ್? ಹಾಗಾದ್ರೆ ಇಲ್ಲೂ ಅಗೆಸಲಾ?”

ಸ್ನಾನದ ಕೋಣೆ, ಅದರ ಕೊಳವೆ, ತೊಟ್ಟಿಯ ಕೆಳಗಿನ ಗುಂಡಿ, ಎಲ್ಲವೂ ಮರ್ವ್‌ನ ಕಣ್ಣ ಮುಂದೆ ಅಗೆದುಕೊಂಡು ಬಿದ್ದವು. ನಿಜ ಹೇಳಿದರೆ ಇಡೀ ಪಾರ್ಕು ತನ್ನನ್ನೇ ಅಗೆದ ಆ ಕಾಲುವೆಯಲ್ಲಿ ಹೂಳುವುದು ಖಂಡಿತ. ಅವನು ವೈರನ್ನು ಬೆನ್ನ ಹಿಂದೆ ಸುತ್ತಿಕೊಂಡ.

“ಬೇಡ ತಾಯಿ, ಬೇಡ! ನಮಗೆ ಕರೆಂಟೇ ಬೇಡ. ಅಡುಗೆಗೆ ಗ್ಯಾಸ್ ಇದೆ. ರಾತ್ರಿಗೆ ಮೇಣದ ಬತ್ತಿ ಹಚ್ಕೊತೀವಿ. ಗ್ಲೆನಿಸ್‌ಗೆ ಮೇಣದ ಬತ್ತಿ ಅಂದ್ರೆ ಪ್ರಾಣ. ಈ ಜಾಗ ಹೀಗೇ ಇರಲಿ, ನಮಗೆ ಬಹಳ ಹಿಡಿಸಿದೆ.”

ಡೊರೀನ್ ಗಾಡಿಯಿಂದ ಇಳಿದಳು. ಅವಳ ಕಣ್ಣಂಚು ಒದ್ದೆಯಾದದ್ದನ್ನು ವಾಟಲ್ ಬೆಂಡ್‌ನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

“ಇಪ್ಪತ್ತು ವರ್ಷದಿಂದ ಈ ಪಾರ್ಕ್ ನೋಡ್ಕೊತಿದ್ದೀನಿ. ಈ ಜಾಗ ಹಿಡಿಸಿತು ಅಂದೋರು ನೀವೇ ಮೊದಲು. ಎಲ್ಲರೂ ಹೊಳೆ ಹೊಳೆ ಅಂತ ನನ್ನ ಪ್ರಾಣ ತಿಂತಾರೆ. ಇನ್ಮೇಲೆ ಪ್ರತಿ ಬೇಸಿಗೆ ಈ ಜಾಗ ಟ್ವಿಗ್ ಸಂಸಾರಕ್ಕೆ ಖಾಯಂ. ನೀವು ಬದುಕಿರೋವರೆಗೂ ಬೇರೆ ಯಾರಿಗೂ ಕೊಡಲ್ಲ, ಇದು ನನ್ನ ಮಾತು. ಆ ಹೊಳೆದಂಡೆ ಜಾಗ ಈಸ್ಟರ್ ಆದ್ಮೇಲೆ ಸಾಂಟೊಗೆ ಕೊಟ್ಟರಾಯ್ತು.”

ಸಾಂಟೊ ಕುರ್ಚಿ ಕೆಳಗಿಟ್ಟು ಮರ್ವ್‌ನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಮುಗಿಯುವವರೆಗೂ ಗ್ಲೆನಿಸ್ ಬಾಗಿಲಲ್ಲಿ ನಿಂತು ನಗುತ್ತಲೇ ಇದ್ದಳು. ಡೊರೀನಳ ಗಾಡಿ ಮರೆಯಾಯಿತು, ಕುರ್ಚಿಗಳೂ ಹೋದವು. ಆಗ ಅವಳು ಮೆಟ್ಟಿಲಿಳಿದು ಗಂಡನ ಹತ್ತಿರ ಬಂದಳು.

“ಮರ್ವ್ ಚಿನ್ನಾ,” ಎಂದಳು, “ಬೆನ್ನ ಹಿಂದೆ ಏನದು, ತೋರಿಸು.”